ಸರಳತೆಯ ಬಾಳಿಕೆ: ಹಳೆಯ ಬೊಲೆರೊದ ಯಂತ್ರಗುಣ

ಮಲೆನಾಡಿನ ತೋಟಗಳ ಕಚ್ಚಾ ದಾರಿಗಳಲ್ಲಿ, ಬಯಲುಸೀಮೆಯ ಎರೆಭೂಮಿಯ ಬಂಡಿಜಾಡುಗಳಲ್ಲಿ, ಪೊಲೀಸ್ ಠಾಣೆ ಮತ್ತು ಅರಣ್ಯ ಇಲಾಖೆಯ ಕಚೇರಿಗಳ ಆವರಣಗಳಲ್ಲಿ ಕಳೆದ ಎರಡು ದಶಕಗಳಿಂದ ಪದೇ ಪದೇ ಕಾಣಸಿಗುವ ವಾಹನಗಳಲ್ಲಿ ಮಹೀಂದ್ರ ಬೊಲೆರೊ ಒಂದು. 2000ದಲ್ಲಿ ಮಾರುಕಟ್ಟೆಗೆ ಬಂದ ಈ ವಾಹನ ವೇಗಕ್ಕಾಗಲಿ, ಸುಖಪ್ರಯಾಣಕ್ಕಾಗಲಿ, ಅಂದಕ್ಕಾಗಲಿ ಹೆಸರಾದುದಲ್ಲ. ಆದರೂ ಒಂದು ಅವಧಿಯಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಮೇಲ್ಪಟ್ಟು ಮಾರಾಟವಾಗಿ, ಹಲವು ವರ್ಷಗಳ ಕಾಲ ದೇಶದ ಎಸ್‌ಯುವಿಗಳ ಪೈಕಿ ಮೊದಲ ಸ್ಥಾನದಲ್ಲಿತ್ತು. ಎಸ್‌ಯುವಿ ಎಂದರೆ ಕಾರಿನಂತೆ ಮನೆಮಂದಿಯೆಲ್ಲ ಕುಳಿತು ಹೋಗಬಹುದಾದ, ಜೀಪಿನಂತೆ ಎತ್ತರವಾಗಿ ನಿಂತು ಒರಟು ದಾರಿಯನ್ನು ತಾಳಿಕೊಳ್ಳಬಲ್ಲ ವಾಹನ. ಹೊಸ ಎಸ್‌ಯುವಿಗಳ ಬೆಲೆ ಕೈಗೆಟುಕದ ರೈತರು, ಗುತ್ತಿಗೆದಾರರು ಮತ್ತು ಸಣ್ಣ ವ್ಯಾಪಾರಿಗಳು ಇಂದಿಗೂ ಹತ್ತು ಹದಿನೈದು ವರ್ಷ ಹಳೆಯದಾದ ಬೊಲೆರೊವನ್ನು ಹುಡುಕಿ ಕೊಳ್ಳುತ್ತಾರೆ. ಈ ನಂಬಿಕೆಯ ಬೇರು ಜಾಹೀರಾತಿನಲ್ಲಿಲ್ಲ, ವಾಹನದ ಒಡಲಿನಲ್ಲಿದೆ. ಅದರ ಬಾಳಿಕೆಯ ಒಂದೊಂದು ಅಂಶವೂ ಯಾವುದೋ ನಿರ್ದಿಷ್ಟ ಯಾಂತ್ರಿಕ ಆಯ್ಕೆಯಿಂದ ಬಂದಿದೆ ಮತ್ತು ಅಂಥ ಒಂದೊಂದು ಆಯ್ಕೆಗೂ ತಕ್ಕ ಬೆಲೆ ತೆರಲಾಗಿದೆ. ಈ ಎರಡನ್ನೂ ಒಟ್ಟಿಗೆ ಅರಿತವರಿಗೆ ಮಾತ್ರ ಹಳೆಯ ಬೊಲೆರೊ ನಿಜವಾಗಿ ಅಗ್ಗದ ವಾಹನವಾಗುತ್ತದೆ.

ಜೀಪಿನ ವಂಶ

ಮಹೀಂದ್ರ ಕಂಪನಿ 1947ರಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳ ಬಿಡಿಭಾಗಗಳನ್ನು ತರಿಸಿ ಭಾರತದಲ್ಲಿ ಜೋಡಿಸುವ ಮೂಲಕ ವಾಹನೋದ್ಯಮಕ್ಕೆ ಕಾಲಿಟ್ಟಿತು. ಯುದ್ಧಭೂಮಿಗಾಗಿ ರೂಪುಗೊಂಡ ಆ ಜೀಪಿನ ಮೂಲ ತತ್ತ್ವಗಳು, ಅಂದರೆ ಗಟ್ಟಿಯಾದ ಉಕ್ಕಿನ ಚೌಕಟ್ಟು, ಸಪಾಟಾದ ತಗಡಿನ ಮೈ, ತೆರೆದ ಕೂಡಲೇ ಕೈಗೆ ಸಿಗುವ ಎಂಜಿನ್ ಭಾಗಗಳು, ಮುಂದಿನ ಅರ್ಧ ಶತಮಾನದ ಮಹೀಂದ್ರ ವಾಹನಗಳಲ್ಲಿ ಉಳಿದುಬಂದವು. 1990ರ ದಶಕದಲ್ಲಿ ಬಂದ ಅರ್ಮಡ, ಜೀಪಿಗೆ ಉದ್ದನೆಯ ಮುಚ್ಚಿದ ಮೈ ಕೊಟ್ಟು ಕುಟುಂಬದ ಬಳಕೆಗೆ ಒಗ್ಗಿಸುವ ಪ್ರಯತ್ನವಾಗಿತ್ತು. ಅದರ ಬುನಾದಿಯ ಮೇಲೆಯೇ ಬೊಲೆರೊ ರೂಪುಗೊಂಡಿತು. ಮೊದಲ ಮಾದರಿಗಳಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯ ವಿನ್ಯಾಸದ 2498 ಸಿಸಿ ಡೀಸೆಲ್ ಎಂಜಿನ್ ಇತ್ತು. ಅನಂತರ ಮಹೀಂದ್ರದ್ದೇ ಆದ 2523 ಸಿಸಿ ಎಂಜಿನ್ ಹೆಚ್ಚು ಬಳಕೆಗೆ ಬಂತು. 2011ರಲ್ಲಿ ಆ ಎಂಜಿನ್ನಿಗೆ ಕಾಮನ್ ರೇಲ್ ಎಂಬ ಹೊಸ ಇಂಧನ ವ್ಯವಸ್ಥೆ ಸೇರಿತು. 2016ರಲ್ಲಿ ಬಂದ ಪವರ್ ಪ್ಲಸ್ ಮಾದರಿಯಲ್ಲಿ 1493 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಕೂರಿಸಿ, ವಾಹನದ ಉದ್ದವನ್ನು 4107 ಮಿಲಿಮೀಟರಿನಿಂದ 3995 ಮಿಲಿಮೀಟರಿಗೆ ಇಳಿಸಲಾಯಿತು. ನಾಲ್ಕು ಮೀಟರಿಗಿಂತ ಕಡಿಮೆ ಉದ್ದ ಮತ್ತು 1500 ಸಿಸಿ ಮೀರದ ಡೀಸೆಲ್ ಎಂಜಿನ್ ಇರುವ ವಾಹನಗಳಿಗೆ ಸರ್ಕಾರ ಕೊಡುತ್ತಿದ್ದ ತೆರಿಗೆ ರಿಯಾಯಿತಿ ಈ ಬದಲಾವಣೆಗೆ ಕಾರಣವಾಗಿತ್ತು. ಇಲ್ಲಿ ಹಳೆಯ ಬೊಲೆರೊ ಎಂದಾಗ ಮುಖ್ಯವಾಗಿ 2523 ಸಿಸಿ ಎಂಜಿನ್ನಿನ, ನಾಲ್ಕು ಮೀಟರಿಗಿಂತ ಉದ್ದವಾದ ವಾಹನವನ್ನು ಉದ್ದೇಶಿಸಲಾಗಿದೆ.

ಏಣಿಯಂಥ ಚಾಸಿ

ಇಂದಿನ ಬಹುತೇಕ ಕಾರುಗಳಲ್ಲಿ ಭಾರ ಹೊರುವ ಪ್ರತ್ಯೇಕ ಚೌಕಟ್ಟು, ಅಂದರೆ ಚಾಸಿ, ಇರುವುದಿಲ್ಲ; ನೆಲ, ಕಂಬ, ಛಾವಣಿ ಎಲ್ಲವನ್ನೂ ತೆಳುವಾದ ಉಕ್ಕಿನ ತಗಡುಗಳಿಂದ ಒಂದೇ ಪೆಟ್ಟಿಗೆಯಂತೆ ಬೆಸೆದು, ಆ ಪೆಟ್ಟಿಗೆಯೇ ಭಾರ ಹೊರುವಂತೆ ಮಾಡಲಾಗುತ್ತದೆ. ಇದಕ್ಕೆ ಮೊನೊಕಾಕ್ ರಚನೆ ಎನ್ನುತ್ತಾರೆ. ಬೊಲೆರೊದಲ್ಲಿ ಲಾರಿಗಳಲ್ಲಿರುವಂತೆ ಎರಡು ಉದ್ದನೆಯ ಉಕ್ಕಿನ ತೊಲೆಗಳು ಮುಂದಿನಿಂದ ಹಿಂದಿನವರೆಗೆ ಚಾಚಿಕೊಂಡಿದ್ದು, ಅವುಗಳ ನಡುವೆ ಅಡ್ಡಪಟ್ಟಿಗಳನ್ನು ಕೂಡಿಸಲಾಗಿದೆ. ಏಣಿಯನ್ನು ನೆಲಕ್ಕೆ ಮಲಗಿಸಿದಂತೆ ಕಾಣುವುದರಿಂದ ಇದಕ್ಕೆ ಲ್ಯಾಡರ್ ಫ್ರೇಮ್ ಎಂಬ ಹೆಸರಿದೆ. ಎಂಜಿನ್, ಗೇರ್‌ಬಾಕ್ಸ್, ಸ್ಪ್ರಿಂಗುಗಳು ಈ ಚೌಕಟ್ಟಿಗೆ ಜೋಡಣೆಯಾಗುತ್ತವೆ, ಪ್ರಯಾಣಿಕರು ಕೂರುವ ಮೈಯನ್ನು ರಬ್ಬರ್ ಬುಷ್‌ಗಳ ಮೇಲೆ ಬೋಲ್ಟು ಹಾಕಿ ಕೂರಿಸಲಾಗುತ್ತದೆ.

ಈ ವ್ಯವಸ್ಥೆಯಿಂದ ಎರಡು ಲಾಭಗಳಿವೆ. ಒಂದು, ಗುಂಡಿಬಿದ್ದ ದಾರಿಯಲ್ಲಿ ಚಕ್ರಗಳಿಂದ ಬರುವ ಹೊಡೆತವನ್ನು ಮೊದಲು ಚೌಕಟ್ಟು ತಾಳಿಕೊಳ್ಳುವುದರಿಂದ ಮೈಯ ಬೆಸುಗೆಗಳು ಬೇಗ ಸಡಿಲವಾಗುವುದಿಲ್ಲ. ಇನ್ನೊಂದು, ಮೈಯ ತಗಡು ನಜ್ಜುಗುಜ್ಜಾದರೂ ಚೌಕಟ್ಟು ನೆಟ್ಟಗಿದ್ದರೆ ವಾಹನವನ್ನು ಮತ್ತೆ ರಸ್ತೆಗೆ ಇಳಿಸಬಹುದು. ಬೊಲೆರೊದ ಬಾಗಿಲು ಮತ್ತು ಮಡ್‌ಗಾರ್ಡುಗಳು ಹೆಚ್ಚು ಬಾಗುಬಳುಕುಗಳಿಲ್ಲದ ಸಪಾಟು ತಗಡುಗಳಾದ್ದರಿಂದ ಟಿಂಕರಿಂಗ್ ಕೆಲಸದವರು ಅವನ್ನು ಸುತ್ತಿಗೆಯಿಂದಲೇ ಬಡಿದು ಸರಿಪಡಿಸುತ್ತಾರೆ. ಇದಕ್ಕೆ ತೆರುವ ಬೆಲೆ ತೂಕ. ಹೆಚ್ಚುಕಡಿಮೆ 1600 ಕಿಲೊ ತೂಗುವ ವಾಹನವನ್ನು ಎಳೆಯಲು ಹೆಚ್ಚು ಇಂಧನ ಬೇಕು, ನಿಲ್ಲಿಸಲು ಹೆಚ್ಚು ದೂರ ಬೇಕು. ಮೈ ಚೌಕಟ್ಟಿನ ಮೇಲೆ ಕೂರುವುದರಿಂದ ಒಳಗಿನ ನೆಲವೂ ಎತ್ತರದಲ್ಲಿದ್ದು, ಮಕ್ಕಳು ಮತ್ತು ವೃದ್ಧರಿಗೆ ಹತ್ತಿ ಇಳಿಯುವುದು ತ್ರಾಸದಾಯಕವಾಗುತ್ತದೆ.

ಟ್ರ್ಯಾಕ್ಟರಿನ ಗುಣದ ಎಂಜಿನ್

ಹಳೆಯ ಬೊಲೆರೊದ ಸ್ವಭಾವವನ್ನು ನಿರ್ಧರಿಸಿದ ಮುಖ್ಯ ಅಂಗ ಅದರ 2523 ಸಿಸಿ ಡೀಸೆಲ್ ಎಂಜಿನ್. ಮಹೀಂದ್ರ ಕಂಪನಿ 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಸಹಯೋಗದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಆರಂಭಿಸಿತ್ತು. ಆ ಟ್ರ್ಯಾಕ್ಟರ್ ಎಂಜಿನ್ನುಗಳ ವಂಶದಿಂದಲೇ ಬೊಲೆರೊದ ಈ ಎಂಜಿನ್ ಬೆಳೆದುಬಂದಿದೆ. ಅದರ ಅಳತೆಗಳಲ್ಲಿಯೇ ಈ ಮೂಲ ಕಾಣಿಸುತ್ತದೆ. ಸಿಲಿಂಡರಿನ ಒಳವ್ಯಾಸ 88.9 ಮಿಲಿಮೀಟರ್, ಪಿಸ್ಟನ್ ಮೇಲಿಂದ ಕೆಳಕ್ಕೆ ಸಾಗುವ ದೂರ 101.6 ಮಿಲಿಮೀಟರ್; ಇವು ಕರಾರುವಾಕ್ಕಾಗಿ ಮೂರೂವರೆ ಅಂಗುಲ ಮತ್ತು ನಾಲ್ಕು ಅಂಗುಲ.

ಪಿಸ್ಟನ್ ಸಾಗುವ ದೂರಕ್ಕೆ ಸ್ಟ್ರೋಕ್ ಎನ್ನುತ್ತಾರೆ. ಒಳವ್ಯಾಸಕ್ಕಿಂತ ಸ್ಟ್ರೋಕ್ ಉದ್ದವಾಗಿರುವ ಎಂಜಿನ್ನು ವೇಗವಾಗಿ ತಿರುಗಲು ಒಲ್ಲದು, ಆದರೆ ನಿಧಾನವಾಗಿ ತಿರುಗುವಾಗಲೇ ಒಳ್ಳೆಯ ಎಳೆತ ಕೊಡುತ್ತದೆ. ಈ ಎಳೆತದ ಅಳತೆಗೆ ಟಾರ್ಕ್ ಎಂದು ಹೆಸರು. ಚಕ್ರವನ್ನು ತಿರುಗಿಸುವ ಬಲ ಎಷ್ಟೆಂಬುದನ್ನು ಅದು ಹೇಳುತ್ತದೆ, ಆ ಬಲ ಎಷ್ಟು ಬೇಗ ಕೆಲಸ ಮಾಡಿ ಮುಗಿಸುತ್ತದೆ ಎಂಬುದನ್ನು ಅಶ್ವಶಕ್ತಿ ಹೇಳುತ್ತದೆ. ಕಾಮನ್ ರೇಲ್ ಸೇರಿದ ಮೇಲಿನ ಈ ಎಂಜಿನ್ 3200 ಸುತ್ತಿನ ವೇಗದಲ್ಲಿ ಸುಮಾರು 63 ಅಶ್ವಶಕ್ತಿಯನ್ನಷ್ಟೇ ಕೊಡುತ್ತದೆ. ಆದರೆ ನಿಮಿಷಕ್ಕೆ 1400ರಿಂದ 2200 ಸುತ್ತು ತಿರುಗುವಾಗಲೇ 195 ನ್ಯೂಟನ್ ಮೀಟರ್ ಟಾರ್ಕ್ ಒದಗಿಸುತ್ತದೆ. ಗೊಬ್ಬರದ ಚೀಲಗಳನ್ನು ಹೇರಿಕೊಂಡು ಏರುದಾರಿ ಹತ್ತುವಾಗ ಎಂಜಿನ್ನನ್ನು ಕಿರುಚಿಸದೆ, ಕ್ಲಚ್ ಸವೆಸದೆ ಎರಡನೆಯ ಗೇರಿನಲ್ಲಿ ನಿಧಾನವಾಗಿ ಸಾಗಬಹುದಾದುದು ಈ ಗುಣದಿಂದ. ಅದೇ ವಾಹನ ಚತುಷ್ಪಥ ಹೆದ್ದಾರಿಯಲ್ಲಿ ಮುಂದಿನ ಲಾರಿಯನ್ನು ದಾಟಲು ಹೊರಟಾಗ ದಮ್ಮು ಕಟ್ಟಿದಂತೆ ಹಿಂದೆ ಬೀಳುವುದೂ ಈ ಗುಣದಿಂದಲೇ.

ಬಾಳಿಕೆಯ ಗುಟ್ಟು ಇಲ್ಲಿ ಇನ್ನೂ ಒಂದು ಹಂತ ಆಳದಲ್ಲಿದೆ. 2523 ಸಿಸಿಯಿಂದ 63 ಅಶ್ವಶಕ್ತಿ ಎಂದರೆ ಒಂದು ಲೀಟರ್ ಗಾತ್ರದಿಂದ ಸುಮಾರು 25 ಅಶ್ವಶಕ್ತಿ. 2016ರ ಮೂರು ಸಿಲಿಂಡರ್ ಎಂಜಿನ್ 1493 ಸಿಸಿಯಿಂದ 70 ಅಶ್ವಶಕ್ತಿ ಪಡೆಯುವುದರಿಂದ ಅದೇ ಲೆಕ್ಕ ಸುಮಾರು 47ಕ್ಕೆ ಏರುತ್ತದೆ. ಹೊಸ ಎಂಜಿನ್ ಹಗುರವಾಗಿದೆ, ಇಂಧನವನ್ನು ಮಿತವಾಗಿ ಬಳಸುತ್ತದೆ, ಟಾರ್ಕ್‌ನಲ್ಲಿ ಹಳೆಯದಕ್ಕೆ ಸರಿಸಮನಾಗಿದೆ. ಆದರೆ ಅದರ ಪ್ರತಿಯೊಂದು ಪಿಸ್ಟನ್, ಬೇರಿಂಗು ಮತ್ತು ಸಿಲಿಂಡರಿಗೆ ಗಾಳಿ ತುಂಬುವ ಟರ್ಬೊ ಹೆಚ್ಚು ಒತ್ತಡದಲ್ಲಿ ದುಡಿಯುತ್ತವೆ. ಹಳೆಯ ಎಂಜಿನ್ನಿನಿಂದ ಅದರ ಗಾತ್ರಕ್ಕೆ ಹೋಲಿಸಿದರೆ ತೀರ ಕಡಿಮೆ ಕೆಲಸವನ್ನು ನಿರೀಕ್ಷಿಸಲಾಗಿದ್ದುದರಿಂದ, ಎಣ್ಣೆ ಬದಲಿಸುವುದು ಒಮ್ಮೊಮ್ಮೆ ತಡವಾದರೂ ಅದು ತಾಳಿಕೊಂಡಿತು. ಎರಕದ ಕಬ್ಬಿಣದ ಬ್ಲಾಕ್ ಇರುವುದರಿಂದ ಸಿಲಿಂಡರ್ ಸವೆದ ಮೇಲೆ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸುವುದು ಜಿಲ್ಲಾ ಕೇಂದ್ರದ ಯಾವುದೇ ಅನುಭವಿ ವರ್ಕ್‌ಶಾಪಿನಲ್ಲಿ ಸಾಧ್ಯವಾಯಿತು.

ಇಂಧನ ವ್ಯವಸ್ಥೆಯ ವಿಷಯದಲ್ಲಿ ಹಳೆಯ ಬೊಲೆರೊಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನು ಕೊಳ್ಳುವವರು ಗಮನಿಸಬೇಕು. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ; ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ, ಒಳಗೆ ಚಿಮ್ಮಿಸಿದ ಡೀಸೆಲ್ ಹೊತ್ತಿಕೊಳ್ಳುತ್ತದೆ. 2011ಕ್ಕಿಂತ ಮುಂಚಿನ 2523 ಸಿಸಿ ಎಂಜಿನ್ನುಗಳಲ್ಲಿ ಯಾಂತ್ರಿಕ ಪಂಪು ಒಂದೊಂದು ಸಿಲಿಂಡರಿಗೂ ಸರದಿಯಂತೆ ಡೀಸೆಲ್ ತಳ್ಳುತ್ತಿತ್ತು. ಕಂಪ್ಯೂಟರಿನ ಹಂಗಿಲ್ಲದ ಈ ಪಂಪನ್ನು ಬಿಚ್ಚಿ ಸರಿಪಡಿಸುವ ಕುಶಲಿಗಳು ಈಗಲೂ ಸಿಗುತ್ತಾರೆ. ಕಾಮನ್ ರೇಲ್ ವ್ಯವಸ್ಥೆಯಲ್ಲಿ ವಾತಾವರಣದ ಒತ್ತಡದ ಸಾವಿರ ಪಟ್ಟಿಗೂ ಮೀರಿದ ಒತ್ತಡದಲ್ಲಿ ಡೀಸೆಲನ್ನು ಒಂದೇ ನಳಿಕೆಯಲ್ಲಿ ತುಂಬಿಟ್ಟು, ವಿದ್ಯುತ್ ಆಜ್ಞೆಯಂತೆ ಇಂಜೆಕ್ಟರುಗಳು ಅದನ್ನು ಲೆಕ್ಕಹಾಕಿ ಸಿಂಪಡಿಸುತ್ತವೆ. ಹೊಗೆ ಕಡಿಮೆಯಾಗುತ್ತದೆ, ಶಬ್ದ ತಗ್ಗುತ್ತದೆ, ಮೈಲೇಜು ಸುಧಾರಿಸುತ್ತದೆ. ಆದರೆ ಇಂಜೆಕ್ಟರಿನ ರಂಧ್ರಗಳು ಬಹಳ ಸೂಕ್ಷ್ಮವಾದ್ದರಿಂದ ನೀರು ಅಥವಾ ಕಸ ಬೆರೆತ ಡೀಸೆಲ್ ಹಾಕಿದರೆ ದುರಸ್ತಿಯ ಖರ್ಚು ಹತ್ತಾರು ಸಾವಿರ ರೂಪಾಯಿಗೆ ಏರಬಹುದು. ಡೀಸೆಲ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುವುದು ಇಂಥ ವಾಹನದಲ್ಲಿ ಉಳಿತಾಯದ ಮೊದಲ ಮೆಟ್ಟಿಲು.

ಪ್ಲೇಟು, ಹೌಸಿಂಗ್ ಮತ್ತು ಟೈರು

ಬೊಲೆರೊದ ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗುಗಳಿವೆ; ಬಾಗಿಸಿದ ಉದ್ದನೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ನಡುವೆ ಬಿಗಿದಿರುವ ಇವನ್ನು ಗ್ಯಾರೇಜಿನವರು ಪ್ಲೇಟುಗಳೆಂದೇ ಕರೆಯುತ್ತಾರೆ. ಭಾರ ಬಿದ್ದಾಗ ಪಟ್ಟಿಗಳು ನೆಟ್ಟಗಾಗುತ್ತ ಅದನ್ನು ಹೊರುತ್ತವೆ. ಜತೆಗೆ ಹಿಂದಿನ ಆಕ್ಸಲನ್ನು ಅತ್ತಿತ್ತ ಸರಿಯದಂತೆ ಹಿಡಿದಿಡುವ ಕೆಲಸವನ್ನೂ ಅವೇ ಮಾಡುವುದರಿಂದ ಬೇರೆ ತೋಳು ಕಡ್ಡಿಗಳ ಅಗತ್ಯ ಬೀಳುವುದಿಲ್ಲ. ಪಟ್ಟಿಯೊಂದು ಮುರಿದರೂ ವಾಹನ ಹತ್ತಿರದ ಊರಿನವರೆಗೆ ಹೇಗೋ ತಲುಪುತ್ತದೆ, ಅಲ್ಲಿ ಆ ಒಂದು ಪಟ್ಟಿಯನ್ನು ಮಾತ್ರ ಬದಲಿಸಬಹುದು. ಭಾರಕ್ಕೆಂದೇ ಬಿಗಿಯಾಗಿ ಮಾಡಿದ ಈ ಸ್ಪ್ರಿಂಗು, ಚಾಲಕನೊಬ್ಬನೇ ಇರುವಾಗ ಸಣ್ಣ ಗುಂಡಿಗೂ ಹಿಂಭಾಗವನ್ನು ಎತ್ತಿ ಕುಕ್ಕುತ್ತದೆ. ಐದಾರು ಮಂದಿ ಕುಳಿತು ಸಾಮಾನು ಹೇರಿದ ಮೇಲೆ ಅದೇ ಸ್ಪ್ರಿಂಗು ಮೆತ್ತಗಾಗಿ ವಾಹನ ಸಮಾಧಾನದಿಂದ ಓಡುತ್ತದೆ. ಪ್ರಯಾಣಿಕರನ್ನು ಒಯ್ಯುವ ಬಹುತೇಕ ಮಾದರಿಗಳಲ್ಲಿ ಮುಂದಿನ ಎರಡು ಚಕ್ರಗಳು ಒಂದನ್ನೊಂದು ಅವಲಂಬಿಸದೆ ಮೇಲೆ ಕೆಳಗೆ ಆಡುವಂತೆ ಕಾಯಿಲ್ ಸ್ಪ್ರಿಂಗ್ ಅಳವಡಿಸಿರುವುದರಿಂದ ಮುಂದೆ ಕುಳಿತವರಿಗೆ ಕುಲುಕಾಟ ಕಡಿಮೆ.

ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿನಿಂದ ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ತಿರುಗುಕೊಳವೆಯ ಮೂಲಕ ಹಿಂದಿನ ಆಕ್ಸಲಿಗೆ ತಲುಪುತ್ತದೆ. ಎಡಬಲ ಚಕ್ರಗಳನ್ನು ಕೂಡಿಸುವ ಈ ಗಟ್ಟಿ ಆಕ್ಸಲಿನ ಹೊರಕವಚವನ್ನು ಹೌಸಿಂಗ್ ಎನ್ನುತ್ತಾರೆ. ಅದರ ನಡುವಿನ ಉಬ್ಬಿದ ಭಾಗದಲ್ಲಿ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಾಗುವುದರಿಂದ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಅನುವು ಮಾಡಿಕೊಡುವ ಹಲ್ಲುಗಾಲಿಗಳ ಜೋಡಣೆ ಇದು. ಟೈರಿನ ಅಳತೆ 215/75 ಆರ್15. ಇದರ ಅರ್ಥ ಟೈರಿನ ಅಗಲ 215 ಮಿಲಿಮೀಟರ್, ಅದರ ಪಕ್ಕದ ಗೋಡೆಯ ಎತ್ತರ ಅಗಲದ ಶೇ 75, ಒಳಗಿನ ರಿಮ್ಮಿನ ವ್ಯಾಸ 15 ಅಂಗುಲ ಎಂದು. ಗೋಡೆಯ ಎತ್ತರವೇ 16 ಸೆಂಟಿಮೀಟರ್ ಇರುವ ಇಂಥ ಟೈರು ಚೂಪು ಕಲ್ಲಿನ ಹೊಡೆತವನ್ನು ತಾನೇ ನುಂಗಿಕೊಂಡು ರಿಮ್ಮನ್ನು ಕಾಯುತ್ತದೆ. ಇತ್ತೀಚಿನ ಅನೇಕ ಎಸ್‌ಯುವಿಗಳ ದೊಡ್ಡ ರಿಮ್, ತೆಳುವಾದ ಟೈರುಗಳಿಗೆ ಈ ತಾಳಿಕೆ ಇರುವುದಿಲ್ಲ.

ಎಲ್ಲಿಗೂ ಹೋಗುವ ವಾಹನವೇ?

ಎತ್ತರವಾಗಿದ್ದ ಮಾತ್ರಕ್ಕೆ ಬೊಲೆರೊ ಎಲ್ಲಿಗಾದರೂ ಏರಬಲ್ಲದು ಎಂಬ ಭಾವನೆ ಸರಿಯಲ್ಲ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಬೊಲೆರೊಗಳು ಹಿಂದೆ ಬಂದಿದ್ದರೂ, ಮಾರಾಟವಾದವುಗಳಲ್ಲಿ ಬಹುಪಾಲು ಹಿಂಚಕ್ರಗಳಿಂದ ಮಾತ್ರ ಚಲಿಸುವಂಥವು. ಸಾಧಾರಣ ಡಿಫರೆನ್ಷಿಯಲಿನ ಗುಣವೆಂದರೆ, ಒಂದು ಚಕ್ರ ಕೆಸರಿನಲ್ಲಿ ಹಿಡಿತ ಕಳೆದುಕೊಂಡರೆ ಅದೊಂದೇ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೆ ವಾಹನವನ್ನು ಮುಂದೂಡುವಷ್ಟು ಬಲ ಸಿಗುವುದಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಟೈರಿನ ಹಲ್ಲುಗಳ ನಡುವೆ ಮೆತ್ತಿಕೊಂಡು ಟೈರು ನುಣ್ಣಗಾದಾಗ, ಭಾರವಿಲ್ಲದ ಹಿಂಭಾಗ ಸುಲಭವಾಗಿ ಜಾರುತ್ತದೆ. ಕೊಡಚಾದ್ರಿಯ ಕಡಿದಾದ ದಾರಿಯಲ್ಲಿ ಮತ್ತು ಮಡಿಕೇರಿ ಬಳಿಯ ಮಾಂದಲಪಟ್ಟಿಯ ಏರಿನಲ್ಲಿ ಪ್ರವಾಸಿಗರನ್ನು ಕರೆದೊಯ್ಯಲು ನಾಲ್ಕು ಚಕ್ರ ಚಾಲನೆಯ ಜೀಪುಗಳೇ ಬೇಕಾಗುವುದು ಈ ಕಾರಣಕ್ಕೆ. ಸುಮಾರು 180 ಮಿಲಿಮೀಟರಿನ ನೆಲದಂತರ, ಅಂದರೆ ವಾಹನದ ಅತಿ ತಗ್ಗಿನ ಭಾಗಕ್ಕೂ ನೆಲಕ್ಕೂ ನಡುವಿನ ಅಂತರ, ಹಳ್ಳಿಯ ದಾರಿಗೆ ಧಾರಾಳವಾಗಿ ಸಾಕು. ಬಂಡೆಗಳ ಮೇಲೆ ಹತ್ತಿಸುವ ಸಾಹಸಕ್ಕೆ ಸಾಲದು.

ಗಟ್ಟಿತನ ಬೇರೆ, ಸುರಕ್ಷತೆ ಬೇರೆ

ದಪ್ಪ ತಗಡು, ಭಾರಿ ಚೌಕಟ್ಟು ಇರುವ ವಾಹನ ಅಪಘಾತದಲ್ಲಿಯೂ ಕಾಪಾಡುತ್ತದೆ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಇದು ಅಪಾಯಕಾರಿಯಾದ ನಂಬಿಕೆ. ಡಿಕ್ಕಿಯಾದಾಗ ವಾಹನದ ಮುಂಭಾಗ ಲೆಕ್ಕಾಚಾರದಂತೆ ಮುದುಡಿ ಹೊಡೆತದ ಶಕ್ತಿಯನ್ನು ಹೀರಿಕೊಳ್ಳಬೇಕು, ಪ್ರಯಾಣಿಕರು ಕುಳಿತ ಭಾಗ ಮಾತ್ರ ಮುದುಡದೆ ಉಳಿಯಬೇಕು. ಚೌಕಟ್ಟು ಮುದುಡದಿದ್ದರೆ ಆ ಶಕ್ತಿಯೆಲ್ಲ ಒಳಗಿರುವವರ ದೇಹಕ್ಕೆ ದಾಟುತ್ತದೆ. ಇದೇ ಬಗೆಯ ಪ್ರತ್ಯೇಕ ಚಾಸಿ ಇರುವ, ಬೊಲೆರೊಗಿಂತ ಹೊಸದಾದ ಮಹೀಂದ್ರ ಸ್ಕಾರ್ಪಿಯೊದ ಏರ್‌ಬ್ಯಾಗ್ ಇಲ್ಲದ ಮಾದರಿ, 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಒಂದೂ ನಕ್ಷತ್ರ ಪಡೆಯಲಿಲ್ಲ. ಭಾರತದಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬ್ರೇಕ್ ಮತ್ತು ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದುದು 2019ರಲ್ಲಿ. ಅದಕ್ಕೆ ಮುಂಚಿನ ಅನೇಕ ಬೊಲೆರೊಗಳಲ್ಲಿ ಇವೆರಡೂ ಇಲ್ಲ.

ಇದರ ಜತೆಗೆ ವಾಹನ ಎತ್ತರವಾಗಿರುವುದರಿಂದ ಅದರ ಭಾರಕೇಂದ್ರವೂ ಮೇಲಿದ್ದು, ತಿರುವಿನಲ್ಲಿ ವೇಗ ಹೆಚ್ಚಾದರೆ ಹೊರಕ್ಕೆ ವಾಲುತ್ತದೆ. ಘಾಟಿ ಇಳಿಯುವಾಗ ಬ್ರೇಕನ್ನೇ ನೆಚ್ಚಿಕೊಂಡರೆ ಹಿಂದಿನ ಡ್ರಮ್ ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳಬಹುದು. ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನಿನ ತಡೆಯಿಂದಲೇ ಇಳಿಸುವುದು ಇಂಥ ಭಾರದ ವಾಹನಕ್ಕೆ ಸರಿಯಾದ ಕ್ರಮ. ಹಿಂಭಾಗದ ಎದುರುಬದುರು ಸೀಟುಗಳಲ್ಲಿ ಅಡ್ಡಲಾಗಿ ಕೂರುವವರಿಗೆ ಮುಖಾಮುಖಿ ಡಿಕ್ಕಿಯಲ್ಲಿ ಆಸರೆಯೇ ಇಲ್ಲದಿರುವುದರಿಂದ ಮಕ್ಕಳನ್ನು ಅಲ್ಲಿ ಕೂರಿಸಲೇಬಾರದು. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸುವ ರೂಢಿಯೂ ಹಾನಿಕರ: ಅದು ಹೊಡೆತವನ್ನು ನೇರವಾಗಿ ಚಾಸಿಗೆ ಮುಟ್ಟಿಸುತ್ತದೆ, ಪಾದಚಾರಿಗಳಿಗೆ ಮಾರಕವಾಗುತ್ತದೆ, ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿಯೇ ಅದರ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿದೆ.

ಕೊಳ್ಳುವ ಮುನ್ನ ನೋಡಬೇಕಾದುದು

ಹಳೆಯ ಬೊಲೆರೊವನ್ನು ಪರೀಕ್ಷಿಸುವಾಗ ಬಣ್ಣಕ್ಕಿಂತ ಮೊದಲು ಚಾಸಿಯನ್ನು ನೋಡಬೇಕು. ವಾಹನವನ್ನು ರ‍್ಯಾಂಪಿನ ಮೇಲೇರಿಸಿ ತೊಲೆಗಳ ಉದ್ದಕ್ಕೂ, ಮುಖ್ಯವಾಗಿ ಪ್ಲೇಟುಗಳನ್ನು ಹಿಡಿದಿರುವ ಜಾಗಗಳಲ್ಲಿ, ಬಿರುಕು, ಹೊಸ ಬೆಸುಗೆ ಅಥವಾ ತೂತುಬಿದ್ದ ತುಕ್ಕು ಇದೆಯೇ ಎಂದು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ನೋಡುವುದು ವಾಡಿಕೆ. ಗಟ್ಟಿ ಉಕ್ಕು ಠಣ್ಣೆನ್ನುತ್ತದೆ, ಒಳಗೆ ತುಕ್ಕು ತಿಂದ ಉಕ್ಕು ಮಂದವಾಗಿ ಸದ್ದು ಮಾಡುತ್ತದೆ. ಕಾರವಾರ, ಉಡುಪಿಯಂಥ ಕರಾವಳಿಯ ಉಪ್ಪುಗಾಳಿಯಲ್ಲಿ ಓಡಿದ ವಾಹನಗಳಲ್ಲಿ ಈ ಪರೀಕ್ಷೆಯನ್ನು ತಪ್ಪಿಸಲೇಬಾರದು, ಏಕೆಂದರೆ ಉಳಿದೆಲ್ಲ ದೋಷಗಳಿಗೂ ಮದ್ದಿದೆ, ಕೊಳೆತ ಚಾಸಿಗೆ ಇಲ್ಲ.

ಎಂಜಿನ್ನನ್ನು ತಣ್ಣಗಿರುವಾಗ ಮೊದಲ ಬಾರಿ ಚಾಲೂ ಮಾಡಿಸಿ ಹೊಗೆಯನ್ನು ಗಮನಿಸಬೇಕು. ನೀಲಿ ಹೊಗೆ ಎಂಜಿನ್ ಎಣ್ಣೆ ಉರಿಯುತ್ತಿರುವುದರ ಗುರುತು, ನಿಲ್ಲದೆ ಬರುವ ಕಪ್ಪು ಹೊಗೆ ಇಂಜೆಕ್ಟರ್, ಟರ್ಬೊ ಅಥವಾ ಕಟ್ಟಿಕೊಂಡ ಗಾಳಿ ಫಿಲ್ಟರಿನ ದೋಷ, ಬಿಸಿಯಾದ ಮೇಲೂ ಉಳಿಯುವ ಬಿಳಿ ಹೊಗೆ ಸಿಲಿಂಡರಿಗೆ ನೀರು ಇಳಿಯುತ್ತಿರುವುದರ ಸೂಚನೆಯಾಗಿರಬಹುದು. ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದಾಗ ಅಲ್ಲಿಂದ ರಭಸವಾಗಿ ಹಬೆ ನುಗ್ಗಿದರೆ ಪಿಸ್ಟನ್ ರಿಂಗುಗಳು ಸವೆದಿವೆ ಎಂದೇ ತಿಳಿಯಬೇಕು. ವಾಹನ ಹೊರಡುವ ಕ್ಷಣದಲ್ಲಿ ಕೆಳಗಿನಿಂದ ಟಕ್ಕೆಂಬ ಸದ್ದು ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್, ವೇಗ ಏರಿದಂತೆ ಗುಂಯ್‌ಗುಡುವಿಕೆ ಹೆಚ್ಚಿದರೆ ಹೌಸಿಂಗಿನೊಳಗಿನ ಹಲ್ಲುಗಾಲಿ ಅಥವಾ ಬೇರಿಂಗು ಸವೆದಿರಬಹುದು. ಸ್ಟೀರಿಂಗಿನ ಆಟ, ಮುಂಭಾಗದ ಬುಷ್‌ಗಳು, ಒಂದು ಕಡೆಗೆ ಕುಸಿದ ಪ್ಲೇಟು ಇವೆಲ್ಲ ಚೌಕಾಶಿಗೆ ಒದಗುವ ಸಂಗತಿಗಳೇ ಹೊರತು ವಾಹನವನ್ನು ತಿರಸ್ಕರಿಸಲು ಕಾರಣಗಳಲ್ಲ. ಕಾಗದಪತ್ರಗಳಲ್ಲಿ ನೋಂದಣಿಯ ಅವಧಿಯನ್ನು ನೋಡಬೇಕು. ಖಾಸಗಿ ವಾಹನದ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಅನಂತರ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ನ್ಯಾಯಾಲಯಗಳು ನಿರ್ಬಂಧ ವಿಧಿಸಿದ ಮೇಲೆ ಅಂಥ ವಾಹನಗಳು ಬೇರೆ ರಾಜ್ಯಗಳಿಗೆ ಹರಿದುಬಂದಿರುವುದರಿಂದ, ಮೂಲ ನೋಂದಣಿ ಎಲ್ಲಿಯದು ಎಂಬುದನ್ನೂ ವಿಚಾರಿಸುವುದು ಒಳ್ಳೆಯದು.

ಉಳಿಸಿಕೊಳ್ಳಬೇಕಾದ ಗುಣ

ಹಳೆಯ ಡೀಸೆಲ್ ಎಂಜಿನ್ನುಗಳ ಹೊಗೆ ಜನರ ಶ್ವಾಸಕೋಶಕ್ಕೆ ಹಾನಿಕರವೆಂಬುದರಲ್ಲಿ ಎರಡು ಮಾತಿಲ್ಲ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್6 ಹೊಗೆ ನಿಯಮಗಳ ಪ್ರಕಾರ ಹೊಸ ಡೀಸೆಲ್ ವಾಹನಗಳಲ್ಲಿ ಮಸಿಕಣಗಳನ್ನು ಹಿಡಿದಿಡುವ ಫಿಲ್ಟರು ಬಂದಿರುವುದು, ಏರ್‌ಬ್ಯಾಗ್ ಮತ್ತು ಎಬಿಎಸ್ ಕಡ್ಡಾಯವಾಗಿರುವುದು ಸ್ವಾಗತಾರ್ಹ. ಹಳೆಯದೆಲ್ಲ ಒಳ್ಳೆಯದಿತ್ತು ಎಂಬ ವಾದಕ್ಕೆ ಬೊಲೆರೊದ ಇತಿಹಾಸದಲ್ಲಿ ಆಧಾರವಿಲ್ಲ. ಆದರೆ ಆ ಇತಿಹಾಸ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ಬಡ ದೇಶವೊಂದರಲ್ಲಿ ವಾಹನದ ಬಾಳಿಕೆಯನ್ನು ನಿರ್ಧರಿಸುವುದು ಅದರ ಉಕ್ಕಿನ ದಪ್ಪಕ್ಕಿಂತ ಹೆಚ್ಚಾಗಿ, ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳ ಸಂಖ್ಯೆ ಮತ್ತು ಬಿಡಿಭಾಗಗಳ ಸುಲಭ ಲಭ್ಯತೆ. ಹೋಬಳಿ ಮಟ್ಟದ ಮೆಕ್ಯಾನಿಕ್ ಬೊಲೆರೊವನ್ನು ಅರಿತುಕೊಳ್ಳಲು ಯಾರ ಅನುಮತಿಯೂ ಬೇಕಿರಲಿಲ್ಲ. ಇಂದಿನ ವಾಹನದ ದೋಷವನ್ನು ಓದಲು ಮಾತ್ರ ತಯಾರಕರ ಸಾಫ್ಟ್‌ವೇರ್ ಬೇಕಾಗುತ್ತದೆ. ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಜಾಲತಾಣವೊಂದನ್ನು ಆರಂಭಿಸಿ, ಅದರ ವ್ಯಾಪ್ತಿಗೆ ವಾಹನಗಳನ್ನೂ ಕೃಷಿ ಉಪಕರಣಗಳನ್ನೂ ಸೇರಿಸಿದುದು ಸರಿಯಾದ ದಿಕ್ಕಿನ ಹೆಜ್ಜೆ. ದುರಸ್ತಿ ಕೈಪಿಡಿಗಳು, ದೋಷ ಪತ್ತೆಯ ಸಾಧನಗಳು ಮತ್ತು ಅಸಲಿ ಬಿಡಿಭಾಗಗಳು ಸಣ್ಣ ಊರಿನ ಗ್ಯಾರೇಜುಗಳಿಗೂ ನ್ಯಾಯವಾದ ಬೆಲೆಗೆ ದೊರೆತರೆ, ಐಟಿಐಗಳಲ್ಲಿ ಹೊಸ ಇಂಧನ ವ್ಯವಸ್ಥೆಗಳ ತರಬೇತಿ ಗಟ್ಟಿಯಾಗಿ ನಡೆದರೆ, ಶುದ್ಧ ಹೊಗೆಯ ಸುರಕ್ಷಿತ ವಾಹನವೂ ಹಳೆಯ ಬೊಲೆರೊದಷ್ಟೇ ದೀರ್ಘಕಾಲ ಸಾಮಾನ್ಯರ ಮನೆಯಲ್ಲಿ ದುಡಿಯಬಲ್ಲದು. ಅದನ್ನು ಆಗುಮಾಡುವ ಹೊಣೆ ತಯಾರಕರ ಮತ್ತು ಸರ್ಕಾರದ ಮೇಲಿದೆ. ಅದನ್ನು ಹಕ್ಕಾಗಿ ಕೇಳುವ ಹೊಣೆ ವಾಹನ ಕೊಳ್ಳುವವರ ಮೇಲಿದೆ.